ಗ್ಲಾಸ್ಗೋದಲ್ಲಿ ಬಾಗಿಲು ತೆರೆದದ್ದು ಯಾರಿಗೆ?

ಕೊರೊನಾ ಸಾಂಕ್ರಾಮಿಕದಿಂದ 2020ರಲ್ಲಿ ಸ್ಥಗಿತಗೊಂಡಿದ್ದ ಅಂತರರಾಷ್ಟ್ರೀಯ ಸಮ್ಮೇಳನಗಳು ಮರಳಿ ಆರಂಭವಾದ ಬಗೆಯನ್ನು ನಾವು ಮರೆಯಲಾಗದು. ಮುಚ್ಚಿದಾಗ ಎಲ್ಲರಿಗೂ ಮುಚ್ಚಿದ್ದ ಬಾಗಿಲು, ತೆರೆದಾಗ ಎಲ್ಲರಿಗೂ ಒಂದೇ ರೀತಿ ತೆರೆಯಲಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಡೆದ ವಿಶ್ವಸಂಸ್ಥೆಯ 26ನೆಯ ಹವಾಮಾನ ಸಮ್ಮೇಳನವೇ ಇದಕ್ಕೆ ಸಾಕ್ಷಿ.

2020ರ ನವೆಂಬರಿನಲ್ಲಿ ನಡೆಯಬೇಕಿದ್ದ ಈ ಸಮ್ಮೇಳನ ಒಂದು ವರ್ಷ ತಡವಾಗಿ, 2021ರ ಅಕ್ಟೋಬರ್ 31ರಂದು ಆರಂಭವಾಯಿತು. ಲಸಿಕೆ ಸಿಗದ ಪ್ರತಿನಿಧಿಗಳಿಗೆ ತಾನೇ ಲಸಿಕೆ ಕೊಡಿಸುವುದಾಗಿ ಬ್ರಿಟಿಷ್ ಸರ್ಕಾರ ಹೇಳಿತ್ತು. ಆದರೂ ಪರಿಸರ ಸಂಘಟನೆಗಳ ಜಾಗತಿಕ ಒಕ್ಕೂಟವಾದ ಕ್ಲೈಮೇಟ್ ಆಕ್ಷನ್ ನೆಟ್‌ವರ್ಕ್, ಬಡದೇಶಗಳವರು ಭಾಗವಹಿಸುವುದು ಕಷ್ಟವೆಂದು, ಸಮ್ಮೇಳನವನ್ನು ಮತ್ತೆ ಮುಂದೂಡಬೇಕೆಂದು ಸೆಪ್ಟೆಂಬರಿನಲ್ಲಿ ಒತ್ತಾಯಿಸಿತು. ಕಡುಬಡ ರಾಷ್ಟ್ರಗಳಲ್ಲಿ ಆಗ ಒಂದು ಡೋಸ್ ಲಸಿಕೆಯನ್ನಾದರೂ ಪಡೆದವರು ನೂರಕ್ಕೆ ಐದು ಮಂದಿಯೂ ಇರಲಿಲ್ಲ.

ಭಾರತೀಯರಿಗೂ ಇದರ ಬಿಸಿ ತಟ್ಟಿತ್ತು. ಪುಣೆಯಲ್ಲಿ ತಯಾರಾದ ಕೋವಿಶೀಲ್ಡ್, ಬ್ರಿಟನ್ ತನ್ನ ಪ್ರಜೆಗಳಿಗೇ ಕೊಟ್ಟ ಆಸ್ಟ್ರಜೆನೆಕಾ ಲಸಿಕೆಯ ಇನ್ನೊಂದು ಹೆಸರು. ಆದರೂ ಭಾರತದಲ್ಲಿ ಅದರ ಎರಡೂ ಡೋಸ್ ಪಡೆದವರನ್ನು ಲಸಿಕೆ ಪಡೆಯದವರಂತೆ ಕಾಣುವ ನಿಯಮ ಬಂತು. ಭಾರತ ಪ್ರತಿಯಾಗಿ ಬ್ರಿಟನ್ನಿನ ಪ್ರಯಾಣಿಕರ ಮೇಲೆ ನಿರ್ಬಂಧ ಹೇರಿದ ಮೇಲೆ, ಅಕ್ಟೋಬರ್ 11ರಿಂದ ನಿಯಮ ಬದಲಾಯಿತು. ಹೀಗೆ ತಿರುಗಿ ನಿಲ್ಲುವ ಬಲ ಸಣ್ಣ ದೇಶಗಳಿಗೆ ಎಲ್ಲಿಂದ ಬರಬೇಕು?

ಪೆಸಿಫಿಕ್ ಸಾಗರದ ಅನೇಕ ದ್ವೀಪರಾಷ್ಟ್ರಗಳ ನಾಯಕರು ಪ್ರಯಾಣದ ನಿರ್ಬಂಧಗಳಿಂದಾಗಿ ಗ್ಲಾಸ್ಗೋ ತಲುಪಲಾಗಲಿಲ್ಲ. ತುವಾಲು ದೇಶದ ಸಚಿವ ಸೈಮನ್ ಕೋಫೆ ಮೊಣಕಾಲುದ್ದ ಸಮುದ್ರದ ನೀರಿನಲ್ಲಿ ನಿಂತು ಮಾಡಿದ ಭಾಷಣವನ್ನು ಚಿತ್ರೀಕರಿಸಿ ಸಮ್ಮೇಳನಕ್ಕೆ ಕಳುಹಿಸಿದರು. ಅದೇ ಸಮ್ಮೇಳನದಲ್ಲಿ ಕಲ್ಲಿದ್ದಲು, ತೈಲ, ಅನಿಲ ಉದ್ಯಮಗಳೊಡನೆ ನಂಟುಳ್ಳ 503 ಮಂದಿ ಇದ್ದರೆಂದು ಗ್ಲೋಬಲ್ ವಿಟ್ನೆಸ್ ಸಂಸ್ಥೆ ಪಟ್ಟಿ ಮಾಡಿತು. ಯಾವ ಒಂದು ದೇಶದ ನಿಯೋಗವೂ ಅಷ್ಟು ದೊಡ್ಡದಿರಲಿಲ್ಲ. ಸಮುದ್ರ ಯಾರ ಅಂಗಳಕ್ಕೆ ಬಂದಿದೆಯೋ ಅವರು ದೂರದಲ್ಲಿ ಉಳಿದರು. ಹೊಗೆಯಿಂದ ಲಾಭ ಪಡೆಯುವವರು ಒಳಗೆ ಕುಳಿತರು.

ಇಷ್ಟೊಂದು ಜನ ವಿಮಾನದಲ್ಲಿ ಹಾರುವುದೇ ಪರಿಸರಕ್ಕೆ ಕೇಡಲ್ಲವೇ, ಎಲ್ಲವನ್ನೂ ಅಂತರ್ಜಾಲದಲ್ಲೇ ನಡೆಸಬಾರದೇ ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಪ್ರಶ್ನೆ ಸರಿಯಾದುದೇ. 2019ರಲ್ಲಿ ಸುಮಾರು 450 ಕೋಟಿಯಷ್ಟಿದ್ದ ವಿಮಾನ ಪ್ರಯಾಣಿಕರ ಸಂಖ್ಯೆ 2020ರಲ್ಲಿ 180 ಕೋಟಿಗೆ ಇಳಿಯಿತು. ಆ ವರ್ಷ ಪಳೆಯುಳಿಕೆ ಇಂಧನಗಳಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಜಗತ್ತಿನಾದ್ಯಂತ ಶೇ. 5ರಷ್ಟು ತಗ್ಗಿತು; ಮರುವರ್ಷವೇ ಹೆಚ್ಚುಕಡಿಮೆ ಹಿಂದಿನ ಮಟ್ಟಕ್ಕೆ ಏರಿತು. ಪ್ರಯಾಣವನ್ನು ತಡೆದ ಮಾತ್ರಕ್ಕೆ ಕಾರ್ಖಾನೆ, ವಿದ್ಯುತ್ ಸ್ಥಾವರಗಳ ದಾರಿ ಬದಲಾಗದು.

ಅಂತರ್ಜಾಲದ ಸಭೆಯೂ ಎಲ್ಲರನ್ನೂ ಸಮಾನವಾಗಿ ಕಾಣುವುದಿಲ್ಲ. ಜೀವವೈವಿಧ್ಯ ಒಪ್ಪಂದದ ಪೂರ್ವಭಾವಿ ಸಭೆಗಳು 2021ರ ಮೇ-ಜೂನ್ ತಿಂಗಳುಗಳಲ್ಲಿ ಅಂತರ್ಜಾಲದಲ್ಲೇ ನಡೆದವು. ಅವನ್ನು ಮುಂದುವರಿಸಲು 2022ರ ಮಾರ್ಚಿನಲ್ಲಿ ಜಿನೀವಾದಲ್ಲಿ ಮುಖಾಮುಖಿ ಸೇರಬೇಕಾಯಿತು. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದ ಮಲೆನಾಡಿನ ಮಕ್ಕಳಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಬೇಕು. ಪ್ರದರ್ಶನ, ಪ್ರಚಾರಗಳಿಗಾಗಿ ಹಾರಿಬರುವವರ ಜಾತ್ರೆ ಕಡಿಮೆಯಾಗಲಿ. ಹಾನಿ ಅನುಭವಿಸುತ್ತಿರುವವರಿಗೆ ಮೊದಲ ಆಸನ, ಪ್ರಯಾಣದ ವೆಚ್ಚ, ವೀಸಾ ಖಚಿತವಾಗಲಿ. ಮುಂದೊಮ್ಮೆ ಸಾಂಕ್ರಾಮಿಕ ಬಂದರೆ ಲಸಿಕೆಯ ಹಂಚಿಕೆ ಮೊದಲು, ಸಮ್ಮೇಳನ ಆಮೇಲೆ.

ಗ್ಲಾಸ್ಗೋಗೂ ನಮಗೂ ಏನು ಸಂಬಂಧವೆನ್ನದಿರಿ. ಹವಾಮಾನ ವೈಪರೀತ್ಯದಿಂದಾದ ಹಾನಿಯನ್ನು ತುಂಬಿಕೊಡುವ ವ್ಯವಸ್ಥೆ ಬೇಕೆಂದು ಅಭಿವೃದ್ಧಿಶೀಲ ದೇಶಗಳು ಅಲ್ಲಿ ಕೇಳಿದಾಗ ದೊರೆತದ್ದು ಮಾತುಕತೆಯ ಭರವಸೆ ಮಾತ್ರ. ನಿಧಿ ಸ್ಥಾಪಿಸುವ ತೀರ್ಮಾನವಾದದ್ದು 2022ರಲ್ಲಿ, ಈಜಿಪ್ಟಿನಲ್ಲಿ. ಅಂಥ ನೆರವಿಗೆ ಕೈಚಾಚುವ ದಿನ ಬಂದರೆ ನಮ್ಮ ನಷ್ಟಕ್ಕೆ ದಾಖಲೆ ಎಲ್ಲಿದೆ? 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು ಎಲ್ಲರಿಗೂ ಗೊತ್ತು. ಆದರೆ ಮಳೆ ಬಿಡುವು ಕೊಡದೆ ಬೋರ್ಡೋ ದ್ರಾವಣ ಸಿಂಪಡಿಸಲಾಗದೆ ಕೊಳೆರೋಗಕ್ಕೆ ತುತ್ತಾದ ಅಡಿಕೆ, ನೀರು ನಿಂತು ಸೊರಗಿದ ಕಾಳುಮೆಣಸಿನ ಬಳ್ಳಿ, ಕೊಚ್ಚಿಹೋದ ಗದ್ದೆಯ ಬದು ಇವು ಯಾವ ಸಮ್ಮೇಳನದ ಕಡತಕ್ಕೂ ತಾವಾಗಿ ಸೇರುವುದಿಲ್ಲ.

ಮಳೆಯ ಲೆಕ್ಕವನ್ನು ದಿನವೂ ಬರೆದಿಡುವ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ವಿದ್ಯಾರ್ಥಿಗಳು ಅವರ ಪುಸ್ತಕಗಳನ್ನು ಪ್ರತಿ ಮಾಡಿಕೊಳ್ಳಲಿ. ಬೆಳೆಹಾನಿಯನ್ನು ದಿನಾಂಕದೊಡನೆ ಬರೆಯಲಿ. ಗ್ರಾಮಸಭೆಯಲ್ಲಿ ಅದನ್ನು ಓದಿ ನಿರ್ಣಯ ಕೈಗೊಳ್ಳೋಣ. 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯಿತಿಗಳಲ್ಲಿ ರಚಿಸಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ಎಚ್ಚರಿಸೋಣ. ನಮ್ಮ ಹೆಸರಿನಲ್ಲಿ ವಿಮಾನ ಹತ್ತುವವರ ಕೈಯಲ್ಲಿ ನಾವೇ ಬರೆದ ಕಾಗದವಿರಲಿ. ಈ ಮಳೆಗಾಲದಿಂದಲೇ ಆರಂಭಿಸೋಣ.