ಮೌನವೇ ಒಕ್ಕೂಟದ ಉತ್ತರವೆ?

2025ನೆಯ ಇಸವಿ ನವೆಂಬರ್ 18ರಂದು ಢಾಕಾ ನಗರದಲ್ಲಿ ಭಾರತದ ಕಾಲ್ಚೆಂಡಿನ ತಂಡವು ಬಾಂಗ್ಲಾದೇಶದ ತಂಡಕ್ಕೆ ಒಂದು ಗೋಲಿನಿಂದ ಸೋತಿತು. ಇಪ್ಪತ್ತೆರಡು ವರ್ಷಗಳಲ್ಲಿ ಆ ನೆರೆಯವರಿಗೆ ನಮ್ಮವರು ಸೋತುದು ಅದೇ ಮೊದಲು. ಆಟವೆಂದ ಮೇಲೆ ಸೋಲು ಗೆಲವು ಇದ್ದದ್ದೇ. ಒಂದು ಸೋಲಿಗಾಗಿ ಲೇಖನಿಯನ್ನು ಕೈಗೆತ್ತಿಕೊಳ್ಳುವ ಅಭ್ಯಾಸ ನಮಗಿಲ್ಲ. ಆದರೆ ಅಂದಿನ ಸೋಲು ಒಂದೇ ಆಗಿರಲಿಲ್ಲ. ಅದೊಂದು ದೀರ್ಘ ಸರಪಣಿಯ ಕೊನೆಯ ಕೊಂಡಿಯಾಗಿದ್ದಿತು. ಆ ಸರಪಣಿಯನ್ನು ಕುರಿತು ಈ ಆಟದ ಅಭಿಮಾನಿಗಳು ಊರೂರಿನಲ್ಲಿಯೂ ಕೇಳುತ್ತ ಬಂದಿರುವ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಹೇಳದಿರುವುದೇ ಇಂದಿನ ನಮ್ಮ ವಿಚಾರ.

ಕಾಲ್ಚೆಂಡಾಟವು ನಮಗೆ ಹೊಸತಲ್ಲ. 1948ರ ಲಂಡನ್ ಒಲಿಂಪಿಕ್ ಕೂಟದಲ್ಲಿ, ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮುನ್ನವೇ, ಬಹುಮಂದಿ ಬರಿಗಾಲಿನಲ್ಲಿ ಆಡಿದ ನಮ್ಮ ತಂಡವು ಫ್ರಾನ್ಸಿಗೆ 2-1ರಿಂದ ಸೋತಿತಾದರೂ ಜಗತ್ತಿನ ಮೆಚ್ಚುಗೆಯನ್ನು ಗಳಿಸಿತು. ಭಾರತದ ಆ ಒಂದು ಗೋಲನ್ನು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರು. 1951ರಲ್ಲಿ ದೆಹಲಿಯಲ್ಲಿಯೂ 1962ರಲ್ಲಿ ಜಕಾರ್ತದಲ್ಲಿಯೂ ಏಷ್ಯಾ ಕ್ರೀಡಾಕೂಟದ ಚಿನ್ನದ ಪದಕ ನಮ್ಮದಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಕಿನಲ್ಲಿ ನಾಲ್ಕನೆಯ ಸ್ಥಾನ ದೊರೆಯಿತು. ಮೈಸೂರು ಸಂಸ್ಥಾನದ ತಂಡವು 1946-47ರಲ್ಲಿಯೇ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತಂದಿತು. ಇದನ್ನೆಲ್ಲ ನಾವು ಹೇಳುವುದು ಅಜ್ಜನ ಐಶ್ವರ್ಯವನ್ನು ಎಣಿಸಿ ಮೊಮ್ಮಗನು ಹೊಟ್ಟೆ ತುಂಬಿಸಿಕೊಳ್ಳಲೆಂದಲ್ಲ. ಇಂದಿನ ಅಭಿಮಾನಿಯ ಅಳಲಿಗೆ ಆಧಾರವಿದೆ, ಅದು ಕೇವಲ ಹುಡುಗಾಟದ ಗದ್ದಲವಲ್ಲ, ಎಂಬುದನ್ನು ತೋರಿಸಲು ಮಾತ್ರ.

ದೂರದ ಮಾತೇಕೆ? 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ಪಂದ್ಯಾವಳಿಯ ಅಂತಿಮ ಪಂದ್ಯ ನಡೆದಾಗ, ಕುವೈತನ್ನು ಪೆನಾಲ್ಟಿ ಹೊಡೆತಗಳಲ್ಲಿ 5-4ರಿಂದ ಸೋಲಿಸಿದ ನಮ್ಮವರಿಗೆ ಕಿಕ್ಕಿರಿದ ಜನಸಮೂಹವು ವಂದೇಮಾತರ ಘೋಷದೊಡನೆ ಜಯಕಾರ ಮಾಡಿತು. ಅದೇ ತಿಂಗಳು ಫೀಫಾ ಪಟ್ಟಿಯಲ್ಲಿ ಭಾರತದ ಸ್ಥಾನ 99. ಅಲ್ಲಿಂದ ಮುಂದೆ ಏನಾಯಿತು? 2024ರ ಜನವರಿಯಲ್ಲಿ ಕತಾರಿನಲ್ಲಿ ನಡೆದ ಏಷ್ಯಾ ಕಪ್ಪಿನ ಮೂರು ಪಂದ್ಯಗಳಲ್ಲಿ ಮೂರನ್ನೂ ಸೋತು, ಒಂದು ಗೋಲನ್ನೂ ಹೊಡೆಯದೆ ತಂಡ ಹಿಂದಿರುಗಿತು. ಮಾರ್ಚಿಯಲ್ಲಿ ಗುವಾಹಾಟಿಯಲ್ಲಿ ಆಫ್ಘಾನಿಸ್ತಾನಕ್ಕೆ ಸೋಲು. 2025ರ ಜೂನ್‌ನಲ್ಲಿ ಹಾಂಗ್‌ಕಾಂಗಿಗೆ, ಅಕ್ಟೋಬರ್‌ನಲ್ಲಿ ಗೋವೆಯ ನಮ್ಮ ನೆಲದ ಮೇಲೆಯೇ ಸಿಂಗಪುರಕ್ಕೆ ಸೋಲು. ಇದರೊಡನೆ 2027ರ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿತು. ಢಾಕಾ ಪಂದ್ಯದ ಬಳಿಕ ಪಟ್ಟಿಯಲ್ಲಿ ನಮ್ಮ ಸ್ಥಾನ 142ಕ್ಕೆ ಇಳಿಯಿತು. ಎರಡೂವರೆ ವರ್ಷಗಳೊಳಗೆ ನಲವತ್ತಮೂರು ಮೆಟ್ಟಿಲು ಕೆಳಕ್ಕೆ!

ಈ ಅವನತಿಗೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಕಂಡುಕೊಂಡ ಮದ್ದು ಒಂದೇ: ತರಬೇತುದಾರನನ್ನು ಬದಲಿಸುವುದು. 2019ರಿಂದ ಇದ್ದ ಕ್ರೊವೇಷಿಯದ ಇಗೋರ್ ಸ್ಟಿಮಾಕ್ ಅವರ ಕರಾರನ್ನು 2023ರಲ್ಲಿ 2026ರವರೆಗೆ ಮುಂದುವರಿಸಿದವರೇ, 2024ರ ಜೂನ್‌ನಲ್ಲಿ ಅವರನ್ನು ತೆಗೆದುಹಾಕಿದರು. ಅವರು ಪತ್ರಕರ್ತರನ್ನು ಕರೆದು ಒಕ್ಕೂಟವನ್ನು ದೂರಿದರು. ಒಕ್ಕೂಟವು ಪ್ರತಿಹೇಳಿಕೆಯನ್ನು ಹೊರಡಿಸಿ ಅವರನ್ನು ದೂರಿತು. ಕಡೆಗೆ ಸುಮಾರು ನಾಲ್ಕು ಲಕ್ಷ ಡಾಲರುಗಳನ್ನು ಕೊಟ್ಟು ವ್ಯವಹಾರ ಮುಗಿಸಲಾಯಿತೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಅನಂತರ ಬಂದ ಸ್ಪೇಯಿನಿನ ಮನೋಲೊ ಮಾರ್ಕೆಸ್ ಅವರು ಏಕಕಾಲದಲ್ಲಿ ಗೋವೆಯ ಒಂದು ಕ್ಲಬ್ಬಿಗೂ ದೇಶದ ತಂಡಕ್ಕೂ ಗುರುಗಳಾಗಿದ್ದರು. ಎಂಟು ಪಂದ್ಯಗಳಲ್ಲಿ ಒಂದನ್ನು ಗೆದ್ದು 2025ರ ಜುಲೈಯಲ್ಲಿ ಬಿಟ್ಟುಹೋದರು. ಆಗಸ್ಟ್ 1ರಂದು ಖಾಲಿದ್ ಜಮೀಲ್ ಅವರ ನೇಮಕವಾಯಿತು. ಹದಿನಾಲ್ಕು ತಿಂಗಳೊಳಗೆ ಮೂವರು ಗುರುಗಳನ್ನು ಕಂಡ ಶಿಷ್ಯರು ಯಾವ ಪಾಠವನ್ನು ಕಲಿತಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ವೈದ್ಯವನ್ನು ನಮ್ಮ ಜನರು ಚೆನ್ನಾಗಿ ಬಲ್ಲರು.

ಆಡಳಿತದ ದೋಷಕ್ಕಿಂತಲೂ ಜನರ ಮನಸ್ಸನ್ನು ಹೆಚ್ಚು ನೋಯಿಸಿರುವುದು ಒಕ್ಕೂಟವು ಜನರೊಡನೆಯೂ ಪತ್ರಿಕೆಗಳೊಡನೆಯೂ ನಡೆದುಕೊಂಡ ರೀತಿ. ಮಾರ್ಕೆಸ್ ಅವರ ಸ್ಥಾನಕ್ಕೆ ಅರ್ಜಿಗಳನ್ನು ಕರೆದಾಗ ನಡೆದ ಪ್ರಸಂಗವನ್ನು ವಾಚಕರು ಮರೆತಿರಲಾರರು. ಜಗದ್ವಿಖ್ಯಾತ ಆಟಗಾರರಾದ ಸ್ಪೇಯಿನಿನ ಚಾವಿ ಅವರು ಅರ್ಜಿ ಹಾಕಿರುವರೆಂದು ರಾಷ್ಟ್ರೀಯ ತಂಡದ ನಿರ್ದೇಶಕರ ಮಾತನ್ನೇ ಆಧರಿಸಿ ವರದಿಗಳು ಬಂದುವು. ಅವರ ಸಂಬಳ ನಮಗೆ ಭಾರವಾದೀತೆಂಬ ಚರ್ಚೆಯೂ ನಡೆದುಹೋಯಿತು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದಂತಾಯಿತು. ಅನಂತರ, ಚಾವಿ ಅವರ ಹೆಸರಿನಲ್ಲಿಯೂ ಪೆಪ್ ಗಾರ್ಡಿಯೋಲ ಅವರ ಹೆಸರಿನಲ್ಲಿಯೂ ಬಂದ ಮಿಂಚಂಚೆಗಳು ನಿಜವಾದವೆಂದು ದೃಢಪಡಲಿಲ್ಲವೆಂದು ಒಕ್ಕೂಟವೇ ಪ್ರಕಟಣೆ ಹೊರಡಿಸಬೇಕಾಯಿತು. ಯಾರೋ ಒಬ್ಬ ಹುಡುಗನ ಚೇಷ್ಟೆಯು ಒಂದು ಮಹಾದೇಶದ ಕ್ರೀಡಾಸಂಸ್ಥೆಯನ್ನು ಜಗತ್ತಿನ ಮುಂದೆ ನಗೆಗೀಡುಮಾಡಿತು. ಹಳ್ಳಿಯ ಸಹಕಾರ ಸಂಘದ ಗುಮಾಸ್ತನೂ ಅರ್ಜಿಯ ಸಹಿಯನ್ನು ನೋಡದೆ ಅದನ್ನು ಸಭೆಯ ಮುಂದಿಡನು.

ಮಾತನಾಡಬಾರದಲ್ಲಿ ಮಾತು, ಮಾತನಾಡಬೇಕಾದಲ್ಲಿ ಮೌನ: ಇದೇ ಒಕ್ಕೂಟದ ಪ್ರಚಾರಪದ್ಧತಿಯಾಗಿ ಕಾಣುತ್ತದೆ. 2023ರ ಜನವರಿಯಲ್ಲಿ, ಸ್ವಾತಂತ್ರ್ಯದ ಶತಮಾನೋತ್ಸವವಾದ 2047ರೊಳಗೆ ಭಾರತವನ್ನು ಏಷ್ಯದ ಮೊದಲ ನಾಲ್ಕು ದೇಶಗಳಲ್ಲಿ ಒಂದಾಗಿಸುವ ಮಹಾಯೋಜನೆಯನ್ನು ಅದು ಆಡಂಬರದಿಂದ ಪ್ರಕಟಿಸಿತು. ಅದರ ಮೊದಲ ಮೆಟ್ಟಿಲನ್ನು ಹತ್ತುವ ಬದಲು ತಂಡವು ಜಾರುತ್ತಿದ್ದಾಗ, ಯೋಜನೆಯ ಯಾವ ಭಾಗ ನಡೆದಿದೆ, ಯಾವುದು ನಿಂತಿದೆ ಎಂಬುದನ್ನು ಸಾಮಾನ್ಯನಿಗೆ ತಿಳಿಯುವಂತೆ ಲೆಕ್ಕ ಒಪ್ಪಿಸಿದವರುಂಟೆ?

ಅಭಿಮಾನಿಗಳ ಅಭಿಪ್ರಾಯಗಳನ್ನು ತೂಗಿನೋಡಿದರೆ ಅವು ಮೂರು ಬಗೆಯಾಗಿವೆ. ತರಬೇತುದಾರನೇ ತಪ್ಪುಗಾರನೆಂಬುದು ಮೊದಲನೆಯದು. ಮೂವರ ಕಾಲದಲ್ಲಿಯೂ ರೋಗವು ಒಂದೇ ಆಗಿದ್ದುದರಿಂದ ಈ ಮಾತಿನಲ್ಲಿ ಹುರುಳು ಕಡಮೆ. ಹೊರದೇಶಗಳಲ್ಲಿ ನೆಲೆಸಿರುವ ಭಾರತೀಯ ಮೂಲದ ಆಟಗಾರರನ್ನು ಕರೆಸಬೇಕೆಂಬುದು ಎರಡನೆಯದು. ಆಸ್ಟ್ರೇಲಿಯದಲ್ಲಿ ಹುಟ್ಟಿ ಬೆಂಗಳೂರಿನ ಕ್ಲಬ್ಬಿಗೆ ಆಡಿದ ರಾಯನ್ ವಿಲಿಯಮ್ಸ್ ಅವರು 2025ರಲ್ಲಿ ಆ ದೇಶದ ಪೌರತ್ವವನ್ನು ಬಿಟ್ಟು ನಮ್ಮದನ್ನು ಸ್ವೀಕರಿಸಿದರು. ಹಾಗೆ ಬರುವವರನ್ನು ತೆರೆದ ತೋಳುಗಳಿಂದ ಎದುರುಗೊಳ್ಳೋಣ. ಆದರೆ ತನ್ನ ಹೊಲವನ್ನು ಬೀಳುಬಿಟ್ಟು ನೆರೆಯವನ ಕಣಜವನ್ನು ನಂಬಿದ ರೈತನು ಎಷ್ಟು ದಿನ ಉಂಡಾನು? ಒಕ್ಕೂಟವೇ ಉತ್ತರ ಕೊಡಬೇಕೆಂಬುದು ಮೂರನೆಯದು. ನಮ್ಮ ಅಭಿಪ್ರಾಯವೂ ಇದೇ.

ಏಕೆಂದರೆ ರೋಗದ ಬೇರು ಇರುವುದು ಆಡಳಿತದಲ್ಲಿ. 151 ಪಂದ್ಯಗಳಲ್ಲಿ 94 ಗೋಲುಗಳನ್ನು ಹೊಡೆದು 2024ರ ಜೂನ್ 6ರಂದು ಕಲ್ಕತ್ತೆಯಲ್ಲಿ ವಿದಾಯ ಪಡೆದ ಸುನಿಲ್ ಛೇತ್ರಿ ಅವರನ್ನು, ನಲವತ್ತನೆಯ ವಯಸ್ಸಿನಲ್ಲಿ, 2025ರ ಮಾರ್ಚಿಯಲ್ಲಿ ಮತ್ತೆ ಕರೆತರಬೇಕಾಯಿತು. 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಭಾರತೀಯರ ಪೈಕಿ ಅತ್ಯಧಿಕ ಗೋಲುಗಳನ್ನು, ಹದಿನಾಲ್ಕನ್ನು, ಹೊಡೆದವರೂ ಅವರೇ. ಇದು ಅವರಿಗೆ ಕೀರ್ತಿ. ಉಳಿದ ನಮಗೆಲ್ಲ ನಾಚಿಕೆ. ಕ್ಲಬ್ಬುಗಳು ಗೋಲು ಹೊಡೆಯುವ ಸ್ಥಾನಗಳಿಗೆ ಹೊರದೇಶದವರನ್ನು ತರುತ್ತವೆ. ನಮ್ಮ ತರುಣರು ಅಂಚಿನಲ್ಲಿಯೋ ಬೆಂಚಿನ ಮೇಲೆಯೋ ಉಳಿಯುತ್ತಾರೆ. ಇದನ್ನು ತಿದ್ದಬೇಕಾದುದು ಪಂದ್ಯಾವಳಿಯ ನಿಯಮಗಳನ್ನು ಮಾಡುವವರಲ್ಲದೆ ಮೈದಾನದ ಬದಿಯಲ್ಲಿ ನಿಂತ ತರಬೇತುದಾರನಲ್ಲ.

ಆ ಪಂದ್ಯಾವಳಿಯ ಗತಿಯಾದರೂ ಏನಾಯಿತು? ಅದನ್ನು ನಡೆಸುತ್ತಿದ್ದ ಕಂಪೆನಿಯೊಡನೆ 2010ರಲ್ಲಿ ಮಾಡಿಕೊಂಡ ಹದಿನೈದು ವರ್ಷಗಳ ಕರಾರು 2025ರ ಡಿಸೆಂಬರ್‌ನಲ್ಲಿ ಮುಗಿಯುವುದೆಂಬುದು ಅದಕ್ಕೆ ಸಹಿಹಾಕಿದ ದಿನದಿಂದಲೇ ತಿಳಿದಿದ್ದ ಸಂಗತಿ. ಆದರೂ 2025ರ ಜುಲೈಯಲ್ಲಿ ಪಂದ್ಯಾವಳಿ ತಡೆಹಿಡಿಯಲ್ಪಟ್ಟಾಗ ಮುಂದಿನ ದಾರಿ ಸಿದ್ಧವಿರಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರಿನ ಕ್ಲಬ್ಬು ತನ್ನ ಆಟಗಾರರ ಸಂಬಳವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ನವೆಂಬರ್‌ನಲ್ಲಿ ಟೆಂಡರ್ ಕರೆದರೆ ಒಬ್ಬನೂ ಮುಂದೆ ಬರಲಿಲ್ಲ. ಕಡೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರೇ ನಡುವೆ ಬಂದು, ಫೆಬ್ರವರಿ 14ರಿಂದ ಹದಿನಾಲ್ಕು ಕ್ಲಬ್ಬುಗಳ ಪಂದ್ಯಗಳು ಆರಂಭವಾಗುವುವೆಂದು ಘೋಷಿಸಬೇಕಾಯಿತು. ತಿಂಗಳುಗಟ್ಟಲೆ ಪಂದ್ಯವೇ ಇಲ್ಲದ ಆಟಗಾರರಿಂದ ದೇಶದ ಗೆಲವನ್ನು ಬಯಸುವುದು ಉಳದೆ ಬಿತ್ತದೆ ಬೆಳೆ ಕೇಳಿದಂತೆ.

ಈ ಆಡಳಿತವನ್ನು ಆರಿಸುವವರು ಯಾರು? 2022ರ ಆಗಸ್ಟಿನಲ್ಲಿ ಫೀಫಾ ಭಾರತದ ಸದಸ್ಯತ್ವವನ್ನು ಕೆಲವು ದಿನ ಅಮಾನತ್ತಿನಲ್ಲಿಟ್ಟ ಅವಮಾನದ ಬಳಿಕ, ಸೆಪ್ಟೆಂಬರ್ 2ರಂದು ನಡೆದ ಚುನಾವಣೆಯಲ್ಲಿ ಕಲ್ಯಾಣ್ ಚೌಬೆ ಅವರು ಮಾಜಿ ನಾಯಕ ಬೈಚುಂಗ್ ಭುಟಿಯಾ ಅವರನ್ನು 33-1 ಮತಗಳಿಂದ ಸೋಲಿಸಿ ಅಧ್ಯಕ್ಷರಾದರು. ಒಟ್ಟು ಮೂವತ್ತನಾಲ್ಕು ಮತಗಳು! 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಿದ ಹೊಸ ನಿಬಂಧನೆಗಳಲ್ಲಿ ಹಿರಿಯ ಆಟಗಾರರಿಗೂ ಸಭೆಯಲ್ಲಿ ಸ್ಥಾನ ದೊರೆತುದು ಸಂತೋಷದ ವಿಷಯ. ಆದರೆ ಟಿಕೆಟ್ಟು ಕೊಂಡು, ನೀಲಿ ಅಂಗಿ ತೊಟ್ಟು, ರೈಲಿನಲ್ಲಿ ರಾತ್ರಿಯೆಲ್ಲ ಪ್ರಯಾಣಮಾಡಿ ಬರುವ ಅಭಿಮಾನಿಗೆ ಮತವಿಲ್ಲ. ಅವನಿಗಿರುವುದು ಬಾಯಿ ಒಂದೇ. ಆ ಬಾಯಿಗೆ ಕಿವಿಗೊಡದ ಸಂಸ್ಥೆಯು ಹೆಸರಿಗೆ ಮಾತ್ರ ರಾಷ್ಟ್ರದ್ದು. ಸ್ವಭಾವದಲ್ಲಿ ಖಾಸಗಿ ಜಹಗೀರು.

ಇಷ್ಟು ಹೇಳಿದ ಮೇಲೆ ಅಭಿಮಾನಿಗಳಿಗೂ ಎರಡು ಮಾತು ಹೇಳುವುದು ನಮ್ಮ ಕರ್ತವ್ಯ. 2018ರ ಜೂನ್‌ನಲ್ಲಿ ಮುಂಬಯಿಯಲ್ಲಿ ನಮ್ಮ ತಂಡವು ಚೈನೀಸ್ ತೈಪೆಯನ್ನು ಐದು ಗೋಲುಗಳಿಂದ ಸೋಲಿಸಿದಾಗ ನೋಡಲು ಬಂದಿದ್ದವರು 2,569 ಮಂದಿ. ಬೈಯುವುದಾದರೂ ಬಂದು ನೋಡಿ ಬೈಯಿರೆಂದು ಛೇತ್ರಿ ಅವರು ಕೈಮುಗಿದು ಬೇಡಿಕೊಂಡ ಮೇಲೆ ಮುಂದಿನ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. ಟೀಕೆಯನ್ನು ಆಹ್ವಾನಿಸಿಯೇ ಜನರನ್ನು ಗೆದ್ದ ಆ ಆಟಗಾರನಿಂದ ಒಕ್ಕೂಟದ ಅಧಿಕಾರಿಗಳು ಕಲಿಯಬೇಕಾದುದು ಬಹಳವಿದೆ. ಮನೆಯಲ್ಲಿ ಕುಳಿತು ಇಪ್ಪತ್ತರ ತರುಣನೊಬ್ಬನ ತಾಯಿತಂದೆಗಳನ್ನು ಹೀನಾಯವಾಗಿ ನಿಂದಿಸುವವರೂ ಕಲಿಯಬೇಕಾದುದಿದೆ. ನಿಂದೆಯು ಟೀಕೆಯಲ್ಲ, ಅದು ಟೀಕೆಯ ಬಲವನ್ನು ಕುಂದಿಸಿ, ಉತ್ತರಿಸಲೊಲ್ಲದ ಅಧಿಕಾರಿಗೆ ನೆಪವನ್ನು ಒದಗಿಸುತ್ತದೆ.

ಪತ್ರಿಕೆಗಳವರಾದ ನಾವೂ ಈ ದೋಷದಲ್ಲಿ ಪಾಲುಗಾರರು. ಚಾವಿ ಅವರ ಇಲ್ಲದ ಅರ್ಜಿಗೆ ಪತ್ರಿಕೆಗಳು ಕೊಟ್ಟ ಅಂಕಣಗಳೆಷ್ಟು, 2023ರ ಮಾರ್ಚಿಯಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು ಸೋಲಿಸಿ ಐವತ್ತನಾಲ್ಕು ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಕನ್ನಡನಾಡಿಗೆ ತಂದ ಹುಡುಗರಿಗೆ ಕೊಟ್ಟವೆಷ್ಟು? ಶಾಲೆಗಳ ಪಂದ್ಯಗಳಿಗೆ ಕೊಟ್ಟವೆಷ್ಟು? ಸೋತಾಗ ಮಾತ್ರ ನೆನೆಯುವ ಬಂಧುವಿನ ಮಾತಿಗೆ ಬೆಲೆ ಕಡಮೆಯೆಂಬುದನ್ನು ನಾವು ಒಪ್ಪಿಕೊಳ್ಳುತ್ತೇವೆ.

ಕೇರಳದಲ್ಲಿ 2024ರ ಕೊನೆಯಲ್ಲಿ ಅಲ್ಲಿಯ ಬ್ಲಾಸ್ಟರ್ಸ್ ತಂಡವು ಮೇಲಿಂದ ಮೇಲೆ ಸೋತಾಗ, ಮಂಜಪ್ಪಡ ಎಂಬ ಅಭಿಮಾನಿಗಳ ಸಂಘವು ಆಡಳಿತದ ವಿರುದ್ಧ ಬಹಿರಂಗವಾಗಿ ಪ್ರತಿಭಟಿಸಿತು. ಆ ಕ್ಲಬ್ಬು ಮೊದಲು ತರಬೇತುದಾರನನ್ನು ತೆಗೆದುಹಾಕಿತು; ಅಷ್ಟರಿಂದ ಜನರು ಸಮಾಧಾನಗೊಳ್ಳದಿರಲು, 2025ರ ಜನವರಿಯಲ್ಲಿ ಅಭಿಮಾನಿಗಳ ಸಲಹಾಮಂಡಲಿಯೊಂದನ್ನು ಏರ್ಪಡಿಸುವುದಾಗಿ ಪ್ರಕಟಿಸಿತು. ಕೇರಳದ ಒಂದು ಕ್ಲಬ್ಬಿಗೆ ಹೊಳೆದ ಉಪಾಯವು ದೇಶದ ಒಕ್ಕೂಟಕ್ಕೆ ಹೊಳೆಯಬಾರದೆ?

ನಾವು ಕೇಳುವುದು ಹೆಚ್ಚಿನದೇನಲ್ಲ. ತರಬೇತುದಾರನನ್ನು ನೇಮಿಸುವಾಗಲೂ ತೆಗೆಯುವಾಗಲೂ ಅದರ ಕಾರಣವನ್ನೂ ವೆಚ್ಚವನ್ನೂ ಒಕ್ಕೂಟವು ಬರಹದಲ್ಲಿ ಪ್ರಕಟಿಸಲಿ. ಪ್ರತಿಯೊಂದು ಪಂದ್ಯಾವಳಿ ಮುಗಿದ ಬಳಿಕ, ಗೆದ್ದರೂ ಸೋತರೂ, ಅಧ್ಯಕ್ಷರು ಪತ್ರಕರ್ತರ ಪ್ರಶ್ನೆಗಳನ್ನು ಎದುರಿಸಲಿ. 2047ರ ಯೋಜನೆಯ ಲೆಕ್ಕವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಲಿ. ಅಭಿಮಾನಿಗಳ ಸಂಘಗಳಿಂದ ಆರಿಸಿದ ಪ್ರತಿನಿಧಿಗಳನ್ನು, ಮತವಿಲ್ಲದಿದ್ದರೂ ಮಾತಿನ ಅಧಿಕಾರದೊಡನೆ, ಸಭೆಗೆ ಕರೆಯಲಿ. ಈ ನಾಲ್ಕಕ್ಕೆ ಹಣ ಬೇಕಿಲ್ಲ. ನ್ಯಾಯಾಲಯದ ಅಪ್ಪಣೆ ಬೇಕಿಲ್ಲ. ಹೊರದೇಶದ ಪರಿಣತರು ಬೇಕಿಲ್ಲ.

ನೂರ ನಲವತ್ತು ಕೋಟಿ ಜನರಲ್ಲಿ ಹನ್ನೊಂದು ಮಂದಿ ಸಿಕ್ಕರೆ ಎಂದು ಕೇಳುವವರಿದ್ದಾರೆ. ತಲೆಗಳ ಎಣಿಕೆಯು ಚೆಂಡನ್ನು ಒದೆಯಲಾರದು. ಮೈದಾನದಲ್ಲಿರುವ ಮಕ್ಕಳ ಎಣಿಕೆಯೇ ಒದೆಯಬಲ್ಲುದು. ಆ ಮಕ್ಕಳಿಗೆ ಮೈದಾನವನ್ನು ಉಳಿಸಿಕೊಡುವುದು ಈ ಪತ್ರಿಕೆಯನ್ನು ಓದುವ ಪುರಸಭೆಯ ಸದಸ್ಯರ, ವಿದ್ಯಾಶಾಖೆಯ ಅಧಿಕಾರಿಗಳ ಕೆಲಸವೂ ಹೌದು. ತಂಡವು ಸೋತಾಗ ದುಃಖಪಡುವ ಜನರಿರುವವರೆಗೆ ಈ ಆಟಕ್ಕೆ ಜೀವವುಂಟು. ಒಕ್ಕೂಟದವರು ಭಯಪಡಬೇಕಾದುದು ಜನರು ಬೈಯುವ ದಿನಕ್ಕಲ್ಲ. ಸೋತ ಸುದ್ದಿ ಬಂದರೂ ಯಾರೂ ಏನನ್ನೂ ಕೇಳದ ದಿನಕ್ಕೆ. ಅಂತಹ ದಿನ ಬರುವ ಮುನ್ನ ಅವರು ಬಾಯಿ ತೆರೆಯಲಿ.