ಜೀಪಿನ ದುರಸ್ತಿ ಮತ್ತು ಹಳ್ಳದ ನೀರು

ಮಲೆನಾಡಿನ ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿರುವ ಹಳೆಯ ಜೀಪನ್ನು ಗುಜರಿಗೆ ಹಾಕಬೇಕೆಂಬ ಉಪದೇಶ ನಗರಗಳಿಂದ ಬರುತ್ತಲೇ ಇದೆ. 15 ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಲಾಯಿತು. ಆದರೆ ಬಸ್ಸು ಬಾರದ ಊರಿನಿಂದ ಬಸುರಿಯನ್ನು ಆಸ್ಪತ್ರೆಗೂ ಅಡಿಕೆಯನ್ನು ಮಂಡಿಗೂ ಮುಟ್ಟಿಸುವುದು ಇದೇ ಗಾಡಿ. ಹೊಸ ಗಾಡಿಗೆ ಬೇಕಾದ ಕಬ್ಬಿಣ, ಅಲ್ಯೂಮಿನಿಯಂ ಯಾವುದೋ ಗುಡ್ಡವನ್ನು ಬಗೆದೇ ಬರಬೇಕು. ಹಳೆಯ ಡೀಸೆಲ್ ಎಂಜಿನ್ ಹೆಚ್ಚು ಹೊಗೆ ಉಗುಳುತ್ತದೆಂಬುದು ನಿಜ. ಏರ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಿ, ನಾಜಲ್‌ಗಳನ್ನು ಪರೀಕ್ಷಿಸಿಕೊಂಡರೆ ಆ ಹೊಗೆ ಎಷ್ಟೋ ತಗ್ಗುತ್ತದೆ. ಆದ್ದರಿಂದ ಸ್ಪ್ಯಾನರ್ ಹಿಡಿದು ತನ್ನ ಗಾಡಿಯನ್ನು ತಾನೇ ಉಳಿಸಿಕೊಳ್ಳುವ ರೈತ ಪರಿಸರದ ಶತ್ರುವಲ್ಲ.

ದುರಸ್ತಿಯ ಹಕ್ಕು ಪುಕ್ಕಟೆಯಾಗಿ ದೊರೆತದ್ದೂ ಅಲ್ಲ. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ತಮ್ಮ ಅಧಿಕೃತ ಗ್ಯಾರೇಜುಗಳಿಗಷ್ಟೇ ಕಾಯ್ದಿರಿಸಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರಲ್ಲಿ 14 ಕಾರು ತಯಾರಕರಿಗೆ ದಂಡ ವಿಧಿಸಿತು. ಹಲವು ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವು ದುರಸ್ತಿಯ ಹಕ್ಕಿಗೆಂದೇ ಜಾಲತಾಣವೊಂದನ್ನು ತೆರೆದು, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಹಕ್ಕಿಗಾಗಿ ದನಿಯೆತ್ತುವುದು ಸರಿ. ಹೊಣೆಯ ಮಾತು ಬಂದಾಗ ಮಾತ್ರ ಮೌನವೇಕೆ?

ಒಮ್ಮೆ ಎಂಜಿನ್ ಆಯಿಲ್ ಬದಲಿಸಿದರೆ ಐದಾರು ಲೀಟರು ಕಪ್ಪು ಎಣ್ಣೆ ಹೊರಬರುತ್ತದೆ. ಅದು ಹೋಗುವುದೆಲ್ಲಿಗೆ? ಒಂದಿಷ್ಟು ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಕ್ಕೆ, ಮಿಕ್ಕದ್ದು ತೋಟದ ಕಪ್ಪಿಗೆ. ಆ ಎಣ್ಣೆಯಲ್ಲಿ ಎಂಜಿನ್ ಸವೆದು ಉದುರಿದ ಲೋಹದ ಕಣಗಳೂ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಇರುತ್ತವೆ. ಒಂದು ಗ್ಯಾಲನ್ ಬಳಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಆಗುಂಬೆಯಂಥಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವಾಗ ಬೇಲಿಗೂಟದ ಎಣ್ಣೆ ಗೂಟದಲ್ಲೇ ಉಳಿದೀತೆ? ಕುದುರೆಮುಖದ ಗಣಿಯ ಹೂಳಿನಿಂದ ಭದ್ರೆಯನ್ನು ಉಳಿಸಬೇಕೆಂದು ಹೋರಾಡಿದ ನಾಡು ಇದು. ಆ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಕಂಪನಿ ಸುರಿದರೆ ಅಪರಾಧ, ಮನೆಯವನು ಸುರಿದರೆ ಸ್ವಾವಲಂಬನೆ ಎಂಬ ನ್ಯಾಯವನ್ನು ನದಿ ಒಪ್ಪುವುದಿಲ್ಲ.

ಎಣ್ಣೆಯೊಂದೇ ಅಲ್ಲ. ರೇಡಿಯೇಟರಿನ ಕೂಲೆಂಟ್ ಸಿಹಿಯಾದ ವಿಷ. ಅಂಗಳದಲ್ಲಿ ಚೆಲ್ಲಿದರೆ ನಾಯಿ, ಕರುಗಳು ನೆಕ್ಕಿ ಸಾಯಬಹುದು. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುವ ಸಂಭವವಿದೆ. ಆ ಧೂಳನ್ನು ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಸೀಸದ ಬ್ಯಾಟರಿ ಮಾತ್ರ ಹಳ್ಳಕ್ಕೆ ಬೀಳುವುದಿಲ್ಲ. ಅಂಗಡಿಯವನು ಹಳೆಯದಕ್ಕೆ ಬೆಲೆ ಕಟ್ಟಿ ಹಿಂದಕ್ಕೆ ಪಡೆಯುತ್ತಾನೆ. ಬೆಲೆ ಇದ್ದದ್ದು ಪೇಟೆಗೆ ಮರಳುತ್ತದೆ, ಬೆಲೆ ಇಲ್ಲದ್ದು ನೀರಿಗೆ ಸೇರುತ್ತದೆ ಎಂಬುದು ಇದರಿಂದಲೇ ಸ್ಪಷ್ಟ.

ಕಾನೂನು ಇಲ್ಲವೆನ್ನುವಂತಿಲ್ಲ. 2016ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿರಿಸಿವೆ. 2023ರ ತಿದ್ದುಪಡಿಯಂತೆ 2024ರ ಏಪ್ರಿಲ್ 1ರಿಂದ ಅದರ ಮರುಬಳಕೆಯ ಹೊಣೆ ಎಣ್ಣೆ ತಯಾರಕರದು, ಆಮದುದಾರರದು. ಹೊಸ ಎಣ್ಣೆಯ ಡಬ್ಬಿಯನ್ನು ಘಾಟಿಯ ತುದಿಯವರೆಗೂ ತಲುಪಿಸಬಲ್ಲ ಕಂಪನಿಗೆ ಹಳೆಯ ಎಣ್ಣೆಯನ್ನು ಅದೇ ದಾರಿಯಲ್ಲಿ ಇಳಿಸಿಕೊಂಡು ಹೋಗಲು ಏನು ಕಷ್ಟ?

ಆಯಿಲ್ ಮಾರುವ ಪ್ರತಿ ಅಂಗಡಿಯ ಮುಂದೆಯೂ ಹಳೆಯ ಎಣ್ಣೆಯ ಪೀಪಾಯಿ ಇರಬೇಕೆಂದು ಗ್ರಾಮಸಭೆಗಳು ನಿರ್ಣಯ ಮಾಡಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳುಹಿಸಲಿ. ಕಾಲೇಜು ವಿದ್ಯಾರ್ಥಿಗಳು ತಮ್ಮೂರಿನಲ್ಲಿ ವರ್ಷಕ್ಕೆಷ್ಟು ಎಣ್ಣೆ ಬದಲಾಗುತ್ತದೆಂದು ಮನೆಮನೆಗೆ ಹೋಗಿ ಲೆಕ್ಕ ಬರೆದಿಡಲಿ. ಪೀಪಾಯಿ ಬರುವವರೆಗೆ ಪ್ರತಿ ಮನೆಯೂ ಹಳೆಯ ಎಣ್ಣೆಯನ್ನು ನೀರು, ಡೀಸೆಲ್ ಬೆರೆಸದೆ ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಅಧಿಕೃತ ಮರುಬಳಕೆದಾರರಿಗೆ ಎಣ್ಣೆ ಕೊಡುವ ಗ್ಯಾರೇಜಿಗೆ ಒಪ್ಪಿಸಲಿ. ಅಲ್ಲಿಯತನಕ ದುರಸ್ತಿ ಮುಗಿಯಿತೆಂದು ಯಾರೂ ಕೈ ತೊಳೆದುಕೊಳ್ಳುವಂತಿಲ್ಲ.