ಸಮವಸ್ತ್ರ ಕಳಚಿದ ಮೇಲೆ

ಕರಜಗಿಯಂಥ ಊರಿನ ಮನೆಗಳಲ್ಲಿ ಮಗ ಸೈನ್ಯದಿಂದ ಮರಳಿದನೆಂದರೆ, ಮುಂದೇನೆಂಬ ಚಿಂತೆ ತಾಯಿಗೂ ಮಡದಿಗೂ ತಪ್ಪಿದ್ದಲ್ಲ. ಆಗ ನಮಗೆ ನೆನಪಾಗುವವರು ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಗೊರೂರಿನ ಈ ಬಾಲಕ ಓದಿದ್ದು ನಮ್ಮ ನೆರೆಯ ವಿಜಯಪುರದ ಸೈನಿಕ ಶಾಲೆಯಲ್ಲಿ. 1971ರ ಯುದ್ಧವನ್ನು ಕಂಡು, ಎಂಟು ವರ್ಷಗಳ ಸೇವೆಯ ತರುವಾಯ ಹುದ್ದೆ ತೊರೆದರು. ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಜಾವಗಲ್ಲಿನ ಬಳಿ ದೊರೆತ ಬರಡು ನೆಲದಲ್ಲಿ ಡೇರೆ ಹಾಕಿ ನಿಂತರು. ಪತ್ನಿ ಭಾರ್ಗವಿಯವರು ಸಂಸಾರ ಹೂಡಿದ್ದೂ ಆ ಹೊಲದಲ್ಲಿಯೇ. ಅಂಥ ಧೈರ್ಯಕ್ಕೆ ಪದಕವಿಲ್ಲವಷ್ಟೆ! ಪರಿಸರಸ್ನೇಹಿ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದಿತು. 2003ರಲ್ಲಿ ಅವರ ಏರ್ ಡೆಕ್ಕನ್ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. 2008ರಲ್ಲಿ ಸಂಸ್ಥೆ ಕಿಂಗ್‌ಫಿಷರ್‌ನೊಡನೆ ವಿಲೀನವಾಯಿತು; ಜನಸಾಮಾನ್ಯರು ವಿಮಾನವೇರುವುದು ಮಾತ್ರ ನಿಲ್ಲಲಿಲ್ಲ.